ಸೈಯದ್ ಅಬ್ದುಲ್ ರಹೀಮ್

ಸೈಯದ್ ಅಬ್ದುಲ್ ರಹೀಮ್ (17 ಆಗಸ್ಟ್ 1909 – 11 ಜೂನ್ 1963) ಭಾರತದ ಫುಟ್‌ಬಾಲ್ ತರಬೇತುದಾರರು ಹಾಗೂ ಅದಕ್ಕೂ ಮುನ್ನ ಹೈದರಾಬಾದಿನ ಫುಟ್‌ಬಾಲ್ ಆಟಗಾರರು. ವೃತ್ತಿಯಿಂದ ಅವರು ಶಾಲಾ ಶಿಕ್ಷಕರಾಗಿದ್ದರು. 1950ರಿಂದ ತಮ್ಮ ಮರಣದವರೆಗೆ ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ ತರಬೇತಿ ನೀಡಿದ ಅವರು, ಇದೇ ಅವಧಿಯಲ್ಲಿ ಭಾರತ ರಾಷ್ಟ್ರೀಯ ತಂಡದ ತರಬೇತುದಾರರಾಗಿಯೂ ಸೇವೆ ಸಲ್ಲಿಸಿದರು. ಅವರ ಮಾರ್ಗದರ್ಶನದಲ್ಲಿ ಭಾರತ ತಂಡವು 1951ರ ನವದೆಹಲಿ ಮತ್ತು 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನದ ಪದಕ ಗಳಿಸಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಭಾರತೀಯ ಫುಟ್‌ಬಾಲ್‌ನ ಸುವರ್ಣಯುಗವೆಂದು ಕರೆಯಲಾಗುವ ಕಾಲದ ಮುಖ್ಯ ಶಿಲ್ಪಿ ಎಂದು ಅವರನ್ನು ಪರಿಗಣಿಸಲಾಗುತ್ತದೆ. ಕ್ರೀಡಾವಲಯದಲ್ಲಿ ಅವರು ರಹೀಮ್ ಸಾಹೇಬ್ ಎಂದೇ ಪರಿಚಿತರು.

ಆರಂಭಿಕ ಜೀವನ ಮತ್ತು ಶಿಕ್ಷಕ ವೃತ್ತಿ

ರಹೀಮ್ ಅವರು ನಿಜಾಮರ ಆಳ್ವಿಕೆಯಲ್ಲಿದ್ದ ಹೈದರಾಬಾದ್ ನಗರದಲ್ಲಿ ಜನಿಸಿದರು. ಆಗಿನ ಹೈದರಾಬಾದ್ ಸಂಸ್ಥಾನವು ತೆಲುಗು, ಮರಾಠಿ ಮತ್ತು ಕನ್ನಡ ಪ್ರದೇಶಗಳನ್ನು ಒಳಗೊಂಡಿತ್ತು. ಇಂದಿನ ಕರ್ನಾಟಕದ ಬೀದರ್, ಕಲಬುರಗಿ ಮತ್ತು ರಾಯಚೂರು ಭಾಗಗಳೂ ಅದರಲ್ಲಿ ಸೇರಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದ ರಹೀಮ್ ಕಲಾ ಪದವೀಧರರಾದರು. ಅನಂತರ ಶಿಕ್ಷಕ ವೃತ್ತಿಯನ್ನು ಆರಿಸಿಕೊಂಡು ಕಾಚಿಗುಡ, ಚಾದರ್‌ಘಾಟ್ ಮೊದಲಾದ ಕಡೆಗಳ ಶಾಲೆಗಳಲ್ಲಿ ಕೆಲಸ ಮಾಡಿದರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು, ತಾವಿದ್ದ ಶಾಲೆಗಳಲ್ಲಿ ಕ್ರೀಡಾ ಚಟುವಟಿಕೆಗಳ ಹೊಣೆಯನ್ನೂ ವಹಿಸಿಕೊಂಡರು.

ಶಿಕ್ಷಕ ವೃತ್ತಿಯ ಪ್ರಭಾವ ಅವರ ಮುಂದಿನ ಬದುಕಿನ ಮೇಲೆ ಆಳವಾಗಿತ್ತು. ಪಾಠವನ್ನು ಹಂತಹಂತವಾಗಿ ಕಲಿಸುವುದು, ಪ್ರತಿ ವಿದ್ಯಾರ್ಥಿಯ ಶಕ್ತಿ ಮತ್ತು ಕೊರತೆಗಳನ್ನು ಬೇರೆಬೇರೆಯಾಗಿ ಗುರುತಿಸುವುದು, ಶಿಸ್ತನ್ನು ಮಾತಿಗಿಂತ ನಡವಳಿಕೆಯಿಂದ ಮೂಡಿಸುವುದು — ಈ ಗುಣಗಳು ಅವರ ತರಬೇತಿಯಲ್ಲಿಯೂ ಕಾಣಿಸಿಕೊಂಡವು.

ಆಟಗಾರರಾಗಿ

ವಿದ್ಯಾರ್ಥಿ ದೆಸೆಯಲ್ಲಿ ರಹೀಮ್ ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರು. ವಿಶ್ವವಿದ್ಯಾಲಯದ ಹಾಲಿ ಮತ್ತು ಹಳೆಯ ವಿದ್ಯಾರ್ಥಿಗಳನ್ನು ಒಳಗೊಂಡಿದ್ದ ಇಲೆವೆನ್ ಹಂಟರ್ಸ್ ಎಂಬ ತಂಡದಲ್ಲಿಯೂ ಅವರು ಆಡಿದ್ದರು. ಆಟಗಾರರಾಗಿ ಅವರ ಹೆಸರು ಹೈದರಾಬಾದಿನ ಆಚೆಗೆ ಹೆಚ್ಚು ಹಬ್ಬಲಿಲ್ಲ. ಆದರೆ ಆಟವನ್ನು ಮೈದಾನದ ಅಂಚಿನಿಂದ ನೋಡಿ ವಿಶ್ಲೇಷಿಸುವ ಮತ್ತು ಆಟಗಾರರನ್ನು ಸಂಘಟಿಸುವ ಅವರ ಸಾಮರ್ಥ್ಯ ಬೇಗನೆ ಗುರುತಿಗೆ ಬಂದಿತು.

1940ರ ದಶಕದ ಆರಂಭದಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ರಾಜ್ಯ ಪುನರ್ವಿಂಗಡಣೆಯ ಬಳಿಕ ಆಂಧ್ರಪ್ರದೇಶದ ಸಂಸ್ಥೆಯಲ್ಲಿಯೂ ಮುಂದುವರಿದು, ಕೊನೆಯವರೆಗೂ ಆಡಳಿತದ ಹೊಣೆ ಹೊತ್ತರು. ನಗರದಲ್ಲಿ ಲೀಗ್ ಪಂದ್ಯಗಳನ್ನು ಕ್ರಮಬದ್ಧಗೊಳಿಸಿ, ಕಿರಿಯರಿಗಾಗಿ ಪಂದ್ಯಾವಳಿಗಳನ್ನು ನಡೆಸಿದರು. ಶಾಲೆಗಳಿಂದ ಕ್ಲಬ್ಬುಗಳಿಗೆ, ಕ್ಲಬ್ಬುಗಳಿಂದ ಪೊಲೀಸ್ ತಂಡಕ್ಕೆ ಆಟಗಾರರು ಬಂದು ಸೇರುವ ಒಂದು ದಾರಿ ಇದರಿಂದ ನಿರ್ಮಾಣವಾಯಿತು.

ಹೈದರಾಬಾದ್ ಸಿಟಿ ಪೊಲೀಸ್ ತಂಡ

1950ರಲ್ಲಿ ರಹೀಮ್ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರರಾದರು. ಆಗ ದೇಶದ ಫುಟ್‌ಬಾಲ್ ಎಂದರೆ ಬಹುಮಟ್ಟಿಗೆ ಕಲ್ಕತ್ತಾ ಎಂಬ ಭಾವನೆಯಿತ್ತು. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಮತ್ತು ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬುಗಳ ಹಣಬಲ, ಜನಬೆಂಬಲಗಳ ಮುಂದೆ ಸಾಧಾರಣ ಸಂಬಳದ ಪೊಲೀಸರ ತಂಡವೊಂದು ನಿಲ್ಲುವುದು ಸುಲಭವಾಗಿರಲಿಲ್ಲ. ಆದರೂ ಆ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ಬಾರಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ದೆಹಲಿಯ ಡ್ಯುರಾಂಡ್ ಕಪ್ಪನ್ನು 1950, 1954, 1957 ಮತ್ತು 1961ರಲ್ಲಿ ತನ್ನದಾಗಿಸಿಕೊಂಡಿತು. 1961ರ ಹೊತ್ತಿಗೆ ತಂಡಕ್ಕೆ ಆಂಧ್ರ ಪೊಲೀಸ್ ಎಂಬ ಹೆಸರು ಬಂದಿತ್ತು.

ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯಲ್ಲಿಯೂ ಹೈದರಾಬಾದ್ ತಂಡವು 1956–57 ಮತ್ತು 1957–58ರ ಸಾಲಿನಲ್ಲಿ ಸತತ ಎರಡು ಬಾರಿ ವಿಜೇತವಾಯಿತು. ನೂರ್ ಮೊಹಮ್ಮದ್, ಅಜೀಜುದ್ದೀನ್, ಅಹ್ಮದ್ ಹುಸೇನ್, ಜುಲ್ಫಿಕರುದ್ದೀನ್, ತುಳಸೀದಾಸ್ ಬಲರಾಮ್ ಮೊದಲಾದ ಹಲವು ಆಟಗಾರರು ಹೈದರಾಬಾದಿನ ಈ ಪರಂಪರೆಯಿಂದ ರಾಷ್ಟ್ರೀಯ ತಂಡಕ್ಕೆ ಬಂದರು.

ಇವರಲ್ಲಿ ಬಲರಾಮ್ ಅವರ ಬೆಳವಣಿಗೆ ರಹೀಮ್ ಅವರ ಕಾರ್ಯವಿಧಾನಕ್ಕೆ ಒಂದು ನಿದರ್ಶನ. ಸಿಕಂದರಾಬಾದ್ ಸಮೀಪದ ಅಮ್ಮುಗುಡದ ಬಡ ಕುಟುಂಬದಲ್ಲಿ ಹುಟ್ಟಿದ ಬಲರಾಮ್ ಅವರಿಗೆ ಆಡಲು ಸರಿಯಾದ ಬೂಟುಗಳೂ ಇರಲಿಲ್ಲ. ಸ್ಥಳೀಯ ಪಂದ್ಯಗಳಲ್ಲಿ ಈ ಹುಡುಗನ ಆಟವನ್ನು ಕಂಡ ರಹೀಮ್, ಆತನನ್ನು ತರಬೇತಿಗೆ ಕರೆಸಿಕೊಂಡು, ಹೋಗಿಬರುವ ಖರ್ಚಿನ ವಿಷಯದಲ್ಲಿಯೂ ನೆರವಾದರು. ಹಲವು ವರ್ಷ ಕಳೆಯುವ ಮುನ್ನವೇ ಬಲರಾಮ್ ಒಲಿಂಪಿಕ್ ಆಟಗಾರರಾದರು. ಮುಂದೆ ದೇಶದ ಅತ್ಯುತ್ತಮ ಮುನ್ಪಡೆ ಆಟಗಾರರಲ್ಲಿ ಒಬ್ಬರೆನಿಸಿದರು.

ರಾಷ್ಟ್ರೀಯ ತಂಡದ ತರಬೇತುದಾರರಾಗಿ

1951ರ ಏಷ್ಯನ್ ಕ್ರೀಡಾಕೂಟ

ಮೊದಲನೆಯ ಏಷ್ಯನ್ ಕ್ರೀಡಾಕೂಟವು 1951ರ ಮಾರ್ಚ್ ತಿಂಗಳಲ್ಲಿ ನವದೆಹಲಿಯಲ್ಲಿ ನಡೆಯಿತು. ರಹೀಮ್ ತರಬೇತಿಯ, ಶೈಲೇನ್ ಮನ್ನಾ ನಾಯಕತ್ವದ ಭಾರತ ತಂಡವು ಇಂಡೊನೇಷ್ಯಾ ಮತ್ತು ಆಫ್ಘಾನಿಸ್ತಾನ ತಂಡಗಳನ್ನು ತಲಾ 3–0 ಗೋಲುಗಳಿಂದ ಸೋಲಿಸಿ ಅಂತಿಮ ಪಂದ್ಯ ತಲುಪಿತು. ಅಲ್ಲಿ ಸಾಹು ಮೇವಾಲಾಲ್ ಗಳಿಸಿದ ಏಕೈಕ ಗೋಲಿನಿಂದ ಇರಾನ್ ತಂಡವನ್ನು ಮಣಿಸಿ ಚಿನ್ನದ ಪದಕ ಪಡೆಯಿತು. ಸ್ವತಂತ್ರ ಭಾರತಕ್ಕೆ ಫುಟ್‌ಬಾಲ್‌ನಲ್ಲಿ ದೊರೆತ ಮೊದಲ ದೊಡ್ಡ ಅಂತರರಾಷ್ಟ್ರೀಯ ಗೆಲುವು ಇದು.

1952ರ ಹೆಲ್ಸಿಂಕಿ ಒಲಿಂಪಿಕ್ಸ್

ಮರುವರ್ಷವೇ ರಹೀಮ್ ಅವರಿಗೆ ಅತಿ ಕಹಿಯಾದ ಅನುಭವ ಎದುರಾಯಿತು. ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ತಂಡವು ಯುಗೋಸ್ಲಾವಿಯಾ ವಿರುದ್ಧ 1–10 ಗೋಲುಗಳಿಂದ ಸೋತಿತು. ಭಾರತದ ಏಕೈಕ ಗೋಲನ್ನು ಬೆಂಗಳೂರಿನ ಅಹ್ಮದ್ ಖಾನ್ ಪಂದ್ಯದ ಕೊನೆಯ ಹಂತದಲ್ಲಿ ಗಳಿಸಿದರು. ಭಾರತದ ಹಲವು ಆಟಗಾರರು ಬರಿಗಾಲಿನಲ್ಲಿ ಆಡಿದ್ದರು; ಫಿನ್ಲೆಂಡಿನ ಚಳಿ ಮತ್ತು ಒದ್ದೆ ನೆಲ ಅವರಿಗೆ ಒಗ್ಗಲಿಲ್ಲ. ಆಗ ಭಾರತದ ಒಳಗಿನ ಪಂದ್ಯಗಳ ಅವಧಿಯು 90 ನಿಮಿಷಗಳಿಗಿಂತ ಕಡಿಮೆಯಿದ್ದುದರಿಂದ, ಪೂರ್ಣಾವಧಿಯ ಆಟಕ್ಕೆ ಬೇಕಾದ ದೇಹದಾರ್ಢ್ಯವೂ ಸಾಲದಾಯಿತು.

ಈ ಸೋಲಿನ ಬಳಿಕ ರಾಷ್ಟ್ರಮಟ್ಟದಲ್ಲಿ ಬೂಟು ಧರಿಸಿ ಆಡುವುದು ಕಡ್ಡಾಯವಾಯಿತು. ರಹೀಮ್ ಅವರು ಸೋಲಿನ ಕಾರಣವನ್ನು ಬರಿಗಾಲಿನಲ್ಲಿ ಮಾತ್ರ ಹುಡುಕಲಿಲ್ಲ. ಯುರೋಪಿನ ತಂಡಗಳು, ವಿಶೇಷವಾಗಿ ಆ ವರ್ಷ ಚಿನ್ನ ಗೆದ್ದ ಹಂಗೇರಿ, ಆಟಗಾರರನ್ನು ಮೈದಾನದಲ್ಲಿ ನಿಲ್ಲಿಸುತ್ತಿದ್ದ ಕ್ರಮವನ್ನು ಅವರು ಅಧ್ಯಯನ ಮಾಡಿದರು. ಇಬ್ಬರು ರಕ್ಷಕರು, ಮೂವರು ಹಾಫ್ ಬ್ಯಾಕ್‌ಗಳು ಮತ್ತು ಐವರು ಮುನ್ಪಡೆ ಆಟಗಾರರ ಹಳೆಯ ವ್ಯವಸ್ಥೆಯನ್ನು ಕ್ರಮೇಣ ಬದಲಿಸಲು ತೊಡಗಿದರು.

1956ರ ಮೆಲ್ಬರ್ನ್ ಒಲಿಂಪಿಕ್ಸ್

ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಸಮರ್ ಬ್ಯಾನರ್ಜಿ ಭಾರತದ ನಾಯಕರಾಗಿದ್ದರು. ಮೊದಲ ಸುತ್ತಿನ ಎದುರಾಳಿಯಾಗಿದ್ದ ಹಂಗೇರಿ ಸ್ಪರ್ಧೆಯಿಂದ ಹಿಂದೆ ಸರಿದುದರಿಂದ ಭಾರತ ನೇರವಾಗಿ ಕ್ವಾರ್ಟರ್ ಫೈನಲ್ ತಲುಪಿತು. 1956ರ ಡಿಸೆಂಬರ್ 1ರಂದು ನಡೆದ ಆ ಪಂದ್ಯದಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಗಳಿಸಿ, ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಏಷ್ಯಾದ ಆಟಗಾರರೆನಿಸಿದರು.

ಸೆಮಿಫೈನಲ್‌ನಲ್ಲಿ ಮತ್ತೆ ಯುಗೋಸ್ಲಾವಿಯಾ ಎದುರಾಯಿತು. ದ್ವಿತೀಯಾರ್ಧದ ಆರಂಭದಲ್ಲಿ ಡಿಸೋಜಾ ಗಳಿಸಿದ ಗೋಲಿನಿಂದ ಭಾರತವೇ ಮುನ್ನಡೆ ಪಡೆಯಿತು. ಆದರೆ ಆ ಮುನ್ನಡೆ ಹೆಚ್ಚು ಹೊತ್ತು ಉಳಿಯಲಿಲ್ಲ. ಯುಗೋಸ್ಲಾವಿಯಾ 4–1ರಿಂದ ಗೆದ್ದಿತು. ಮೂರನೆಯ ಸ್ಥಾನದ ಪಂದ್ಯದಲ್ಲಿ ಭಾರತ ಬಲ್ಗೇರಿಯಾ ವಿರುದ್ಧ 0–3ರಿಂದ ಸೋತು ನಾಲ್ಕನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ಬಿಟ್ಟುಕೊಟ್ಟಿದ್ದ ತಂಡವು ಅದೇ ಎದುರಾಳಿಯ ಮೇಲೆ ಮುನ್ನಡೆ ಸಾಧಿಸುವ ಮಟ್ಟಕ್ಕೆ ಬೆಳೆದದ್ದು ರಹೀಮ್ ಅವರ ಶ್ರಮಕ್ಕೆ ಸಾಕ್ಷಿಯಾಗಿದೆ. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತದ ಅತ್ಯುತ್ತಮ ಸಾಧನೆಯಾಗಿ ಇದು ಇಂದಿಗೂ ಉಳಿದಿದೆ.

1960ರ ರೋಮ್ ಒಲಿಂಪಿಕ್ಸ್

ರೋಮ್‌ನಲ್ಲಿ ಭಾರತವು ಹಂಗೇರಿ, ಫ್ರಾನ್ಸ್ ಮತ್ತು ಪೆರು ತಂಡಗಳಿದ್ದ ಕಠಿಣ ಗುಂಪಿನಲ್ಲಿತ್ತು. ಆ ಕ್ರೀಡಾಕೂಟದಲ್ಲಿ ಕಂಚಿನ ಪದಕ ಗೆದ್ದ ಹಂಗೇರಿ ವಿರುದ್ಧ ಭಾರತ 1–2ರ ಅಲ್ಪ ಅಂತರದಿಂದ ಸೋತಿತು. ಫ್ರಾನ್ಸ್ ವಿರುದ್ಧ ನಾಯಕ ಪಿ. ಕೆ. ಬ್ಯಾನರ್ಜಿ ಗಳಿಸಿದ ಗೋಲಿನಿಂದ ಮುನ್ನಡೆ ಪಡೆದಿದ್ದರೂ, ಕೊನೆಯ ನಿಮಿಷಗಳಲ್ಲಿ ಎದುರಾಳಿ ಗೋಲು ಗಳಿಸಿದ್ದರಿಂದ ಪಂದ್ಯ 1–1ರಲ್ಲಿ ಸಮವಾಯಿತು. ಪೆರು ವಿರುದ್ಧ 1–3ರ ಸೋಲಿನೊಂದಿಗೆ ಭಾರತದ ಸ್ಪರ್ಧೆ ಮುಗಿಯಿತು. ಹಂಗೇರಿ ಮತ್ತು ಪೆರು ವಿರುದ್ಧದ ಗೋಲುಗಳನ್ನು ಬಲರಾಮ್ ಗಳಿಸಿದರು. ಇದಾದ ಬಳಿಕ ಭಾರತದ ಪುರುಷರ ಫುಟ್‌ಬಾಲ್ ತಂಡವು ಒಲಿಂಪಿಕ್ಸ್‌ಗೆ ಅರ್ಹತೆ ಪಡೆದಿಲ್ಲ.

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ

ರಹೀಮ್ ಅವರ ಜೀವನದ ಕೊನೆಯ ಮತ್ತು ಅತ್ಯಂತ ಪ್ರಸಿದ್ಧ ಅಧ್ಯಾಯ ಇದು. ಜಕಾರ್ತಾಕ್ಕೆ ಹೊರಡುವ ವೇಳೆಗೆ ಅವರನ್ನು ಶ್ವಾಸಕೋಶದ ಕ್ಯಾನ್ಸರ್ ಆವರಿಸಿಕೊಂಡಿತ್ತು. ಆರೋಗ್ಯ ಕುಸಿಯುತ್ತಿದ್ದರೂ ಅವರು ತಂಡದೊಂದಿಗೆ ಪ್ರಯಾಣ ಬೆಳೆಸಿದರು. ಚುನಿ ಗೋಸ್ವಾಮಿ ತಂಡದ ನಾಯಕರಾಗಿದ್ದರು.

ಆರಂಭ ಆಶಾದಾಯಕವಾಗಿರಲಿಲ್ಲ. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಾ ವಿರುದ್ಧ ಭಾರತ 0–2ರಿಂದ ಸೋತಿತು. ಅನಂತರ ಥಾಯ್ಲೆಂಡನ್ನು 4–1ರಿಂದ, ಜಪಾನನ್ನು 2–0ಯಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಆದರೆ ಈ ನಡುವೆ ಪ್ರಮುಖ ರಕ್ಷಕ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಬಳಲುತ್ತಿದ್ದರು. ಆಗ ಪಂದ್ಯದ ನಡುವೆ ಬದಲಿ ಆಟಗಾರರನ್ನು ಇಳಿಸುವ ಅವಕಾಶ ಇಲ್ಲದಿದ್ದುದರಿಂದ, ಗಾಯಾಳು ಆಟಗಾರನನ್ನು ಆಡಿಸುವುದು ದೊಡ್ಡ ಅಪಾಯವೇ ಆಗಿತ್ತು.

ಇಂತಹ ಸಂದರ್ಭದಲ್ಲಿ ರಹೀಮ್ ಅನಿರೀಕ್ಷಿತವಾದ ನಿರ್ಧಾರ ಕೈಗೊಂಡರು. ಜರ್ನೈಲ್ ಸಿಂಗ್ ಅವರನ್ನು ರಕ್ಷಣೆಯ ಸ್ಥಾನದಿಂದ ತೆಗೆದು, ಮುನ್ಪಡೆಯ ಮಧ್ಯದಲ್ಲಿ ಆಡಿಸಿದರು. ಜರ್ನೈಲ್ ಕಾಲೇಜು ದಿನಗಳಲ್ಲಿ ಆ ಸ್ಥಾನದಲ್ಲಿ ಆಡಿದ್ದುದು ಅವರಿಗೆ ತಿಳಿದಿತ್ತು. ತಲೆಗೆ ಪಟ್ಟಿ ಕಟ್ಟಿಕೊಂಡು ಆಡಿದ ಜರ್ನೈಲ್, ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಒಂದು ಗೋಲು ಗಳಿಸಿದರು. ಗೋಸ್ವಾಮಿ ಗಳಿಸಿದ ಎರಡು ಗೋಲುಗಳೂ ಸೇರಿ ಭಾರತ 3–2ರಿಂದ ಗೆದ್ದಿತು.

ಮೈದಾನದ ಹೊರಗಿನ ಪರಿಸ್ಥಿತಿ ಇನ್ನೂ ವಿಷಮವಾಗಿತ್ತು. ಇಂಡೊನೇಷ್ಯಾ ಸರ್ಕಾರವು ಇಸ್ರೇಲ್ ಮತ್ತು ತೈವಾನ್ ಸ್ಪರ್ಧಿಗಳಿಗೆ ಪ್ರವೇಶ ನಿರಾಕರಿಸಿತ್ತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಭಾರತೀಯ ಸದಸ್ಯರಾಗಿದ್ದ ಜಿ. ಡಿ. ಸೋಂಧಿ ಇದನ್ನು ಆಕ್ಷೇಪಿಸಿ, ಕೂಟದ ಮಾನ್ಯತೆಯನ್ನೇ ಪ್ರಶ್ನಿಸಿದರು. ಇದರಿಂದ ಜಕಾರ್ತಾದಲ್ಲಿ ಭಾರತ ವಿರೋಧಿ ಪ್ರತಿಭಟನೆಗಳು ಭುಗಿಲೆದ್ದು, ಅಂತಿಮ ಪಂದ್ಯದ ಹಿಂದಿನ ದಿನ ಭಾರತದ ರಾಯಭಾರ ಕಚೇರಿಯ ಮೇಲೆ ದಾಳಿಯೂ ನಡೆಯಿತು. ಭಾರತದ ಆಟಗಾರರು ಬಸ್ಸಿನಲ್ಲಿ ಹೊರಗಿನವರಿಗೆ ಕಾಣದಂತೆ ತಗ್ಗಿ ಕುಳಿತು ಪ್ರಯಾಣಿಸಬೇಕಾದ ಸ್ಥಿತಿಯಿತ್ತೆಂದು ಅವರಲ್ಲಿ ಕೆಲವರು ಮುಂದೆ ಸ್ಮರಿಸಿದ್ದಾರೆ. ಅಂತಿಮ ಪಂದ್ಯಕ್ಕೆ ಮುನ್ನ ರಹೀಮ್ ಆಟಗಾರರನ್ನು ಕರೆದು, ಚಿನ್ನದ ಪದಕವನ್ನು ತಮಗೆ ಉಡುಗೊರೆಯಾಗಿ ಕೊಡುವಂತೆ ಕೇಳಿಕೊಂಡರೆಂದೂ ಆಟಗಾರರ ನೆನಪುಗಳಲ್ಲಿ ದಾಖಲಾಗಿದೆ.

1962ರ ಸೆಪ್ಟೆಂಬರ್ 4ರಂದು ಸೆನಾಯನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಪ್ರೇಕ್ಷಕರ ಎದುರು ಅಂತಿಮ ಪಂದ್ಯ ನಡೆಯಿತು. ಎದುರಾಳಿ, ಮೊದಲ ಪಂದ್ಯದಲ್ಲಿ ಭಾರತವನ್ನು ಸೋಲಿಸಿದ್ದ ದಕ್ಷಿಣ ಕೊರಿಯಾ. ಪ್ರೇಕ್ಷಕರಲ್ಲಿ ಬಹುಪಾಲು ಜನ ಭಾರತದ ವಿರುದ್ಧ ಕೂಗುತ್ತಿದ್ದಾಗ, ಪಾಕಿಸ್ತಾನದ ಹಾಕಿ ತಂಡದ ಆಟಗಾರರು ಭಾರತವನ್ನು ಹುರಿದುಂಬಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಜ್ವರದಿಂದ ಚೇತರಿಸಿಕೊಳ್ಳುತ್ತಿದ್ದ ಅನುಭವಿ ತಂಗರಾಜ್ ಅವರನ್ನೇ ರಹೀಮ್ ಗೋಲ್ ರಕ್ಷಣೆಗೆ ನಿಯೋಜಿಸಿದರು. 17ನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ, 20ನೆಯ ನಿಮಿಷದಲ್ಲಿ ಜರ್ನೈಲ್ ಸಿಂಗ್ ಗೋಲು ಗಳಿಸಿದರು. ಕೊರಿಯಾ ಕೊನೆಯ ಹಂತದಲ್ಲಿ ಒಂದು ಗೋಲು ಹಿಂತಿರುಗಿಸಿದರೂ ಭಾರತ 2–1ರಿಂದ ಗೆದ್ದು ಚಿನ್ನ ಪಡೆಯಿತು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಅದರ ಬಳಿಕ ಚಿನ್ನ ದೊರೆತಿಲ್ಲ.

ತರಬೇತಿ ವಿಧಾನ

ಚೆಂಡನ್ನು ಬಹಳ ಹೊತ್ತು ಕಾಲಿನಲ್ಲಿಯೇ ಇಟ್ಟುಕೊಂಡು ಎದುರಾಳಿಗಳನ್ನು ಒಬ್ಬೊಬ್ಬರಾಗಿ ದಾಟುವ ವೈಯಕ್ತಿಕ ಕೌಶಲಕ್ಕೆ ಆ ಕಾಲದ ಭಾರತದಲ್ಲಿ ಹೆಚ್ಚು ಮನ್ನಣೆಯಿತ್ತು. ರಹೀಮ್ ಇದಕ್ಕೆ ಬದಲಾಗಿ, ಚೆಂಡನ್ನು ಒಂದೇ ಸ್ಪರ್ಶದಲ್ಲಿ ಜೊತೆಗಾರನಿಗೆ ದಾಟಿಸಿ, ತಾನು ಖಾಲಿ ಜಾಗಕ್ಕೆ ಓಡುವ ಆಟವನ್ನು ಕಲಿಸಿದರು. ಇದನ್ನು ರೂಢಿಸಲು ಅವರು ಹೈದರಾಬಾದಿನಲ್ಲಿ ವಿಶಿಷ್ಟ ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ಕೆಲವು ಪಂದ್ಯಗಳಲ್ಲಿ ಚೆಂಡನ್ನು ಇಟ್ಟುಕೊಂಡು ಮುಂದೆ ಸಾಗುವುದಕ್ಕೆ ನಿಷೇಧವಿತ್ತು. ಇನ್ನು ಕೆಲವು ಪಂದ್ಯಗಳಲ್ಲಿ ಆಟಗಾರರು ತಮಗೆ ರೂಢಿಯಿಲ್ಲದ ಕಾಲಿನಿಂದ ಮಾತ್ರ ಚೆಂಡನ್ನು ಒದೆಯಬೇಕಿತ್ತು. ಬಲಗಾಲಿನ ಆಟಗಾರ ಎಡಗಾಲನ್ನೂ, ಎಡಗಾಲಿನವ ಬಲಗಾಲನ್ನೂ ಸಮನಾಗಿ ಬಳಸುವಂತಾಗಬೇಕೆಂಬುದು ಇದರ ಉದ್ದೇಶ.

ನಾಲ್ವರು ರಕ್ಷಕರು, ಇಬ್ಬರು ಮಧ್ಯಮೈದಾನದ ಆಟಗಾರರು ಮತ್ತು ನಾಲ್ವರು ಮುನ್ಪಡೆಯವರನ್ನು ನಿಲ್ಲಿಸುವ ವಿನ್ಯಾಸವು 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಗೆದ್ದ ಬಳಿಕ ಜಗತ್ತಿನಾದ್ಯಂತ ಪ್ರಸಿದ್ಧವಾಯಿತು. ಅದಕ್ಕೂ ಮುಂಚೆಯೇ ಈ ವಿನ್ಯಾಸದ ಅಂಶಗಳು ರಹೀಮ್ ಅವರ ತಂಡಗಳಲ್ಲಿ ಕಾಣಿಸಿಕೊಂಡಿದ್ದವೆಂದು ಕ್ರೀಡಾ ಇತಿಹಾಸಕಾರರು ಗುರುತಿಸಿದ್ದಾರೆ. ಈ ಕ್ರಮದಲ್ಲಿ ಹಾಫ್ ಬ್ಯಾಕ್‌ಗಳ, ಅಂದರೆ ಇಂದಿನ ಮಧ್ಯಮೈದಾನದ ಆಟಗಾರರ, ಹೊಣೆ ದ್ವಿಗುಣವಾಗುತ್ತಿತ್ತು: ಎದುರಾಳಿಯ ದಾಳಿಯನ್ನು ತಡೆಯುವುದರ ಜೊತೆಗೆ ಮುನ್ಪಡೆಗೆ ಚೆಂಡು ಪೂರೈಸುವ ಕೆಲಸವೂ ಅವರದೇ ಆಗಿತ್ತು. ಆಟಗಾರರ ಮನೋಬಲವನ್ನು ಹೆಚ್ಚಿಸುವ ಅವರ ಮಾತುಗಾರಿಕೆಯನ್ನು ಪಿ. ಕೆ. ಬ್ಯಾನರ್ಜಿ ಮೊದಲಾದ ಶಿಷ್ಯರು ಬಹುವಾಗಿ ಮೆಚ್ಚಿದ್ದಾರೆ. ಸ್ವತಃ ಯಶಸ್ವಿ ತರಬೇತುದಾರರಾದ ಬ್ಯಾನರ್ಜಿಯವರ ಮೇಲೆ ಈ ಪ್ರಭಾವ ಎದ್ದು ಕಾಣುತ್ತಿತ್ತು.

ಕರ್ನಾಟಕದ ಆಟಗಾರರು

ರಹೀಮ್ ಅವರ ಕಾಲದಲ್ಲಿ ಬೆಂಗಳೂರು ದೇಶದ ಪ್ರಮುಖ ಫುಟ್‌ಬಾಲ್ ಕೇಂದ್ರಗಳಲ್ಲಿ ಒಂದಾಗಿತ್ತು. ಬೆಂಗಳೂರು ಮುಸ್ಲಿಮ್ಸ್ ತಂಡವು 1937 ಮತ್ತು 1938ರಲ್ಲಿಯೇ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ತಂಡವು 1946–47 ಮತ್ತು 1952–53ರಲ್ಲಿ ಸಂತೋಷ್ ಟ್ರೋಫಿ ಪಡೆದಿತ್ತು. ರಹೀಮ್ ಅವರ ರಾಷ್ಟ್ರೀಯ ತಂಡಗಳಲ್ಲಿ ಈ ನಾಡಿನ ಆಟಗಾರರಿಗೂ ಸ್ಥಾನವಿತ್ತು. ಅಹ್ಮದ್ ಖಾನ್ 1951ರ ಚಿನ್ನ ಗೆದ್ದ ತಂಡದಲ್ಲಿಯೂ ಹೆಲ್ಸಿಂಕಿಯಲ್ಲಿಯೂ ಆಡಿದರು. ಹಾಫ್ ಬ್ಯಾಕ್ ಕೆಂಪಯ್ಯ ಮೆಲ್ಬರ್ನ್ ಮತ್ತು ರೋಮ್ ಒಲಿಂಪಿಕ್ ತಂಡಗಳಲ್ಲಿದ್ದರು. ಬೆಂಗಳೂರಿನ ಅರುಮೈನಾಯಗಂ 1962ರ ಜಕಾರ್ತಾ ತಂಡದ ಸದಸ್ಯರಾಗಿದ್ದರು.

ನಿಧನ

ಜಕಾರ್ತಾದಿಂದ ಮರಳಿದ ಬಳಿಕ ರಹೀಮ್ ಅವರ ಕಾಯಿಲೆ ಉಲ್ಬಣಿಸಿ, ಅವರು ಹಾಸಿಗೆ ಹಿಡಿದರು. ಅಂತಿಮ ಪಂದ್ಯ ನಡೆದು ಒಂಬತ್ತು ತಿಂಗಳು ತುಂಬಿದ ಕೆಲವೇ ದಿನಗಳಲ್ಲಿ, 1963ರ ಜೂನ್ 11ರಂದು, ತಮ್ಮ 53ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಪುತ್ರ ಸೈಯದ್ ಶಾಹಿದ್ ಹಕೀಮ್ 1960ರ ರೋಮ್ ಒಲಿಂಪಿಕ್ ತಂಡದಲ್ಲಿದ್ದ ಆಟಗಾರರು. ಮುಂದೆ ಅಂತರರಾಷ್ಟ್ರೀಯ ರೆಫರಿಯಾಗಿ ಮತ್ತು ತರಬೇತುದಾರರಾಗಿ ಹೆಸರಾದರು. 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದ ಹಕೀಮ್ 2021ರಲ್ಲಿ ಕಲಬುರಗಿಯಲ್ಲಿ ನಿಧನರಾದರು.

ಪರಂಪರೆ

ರಹೀಮ್ ಅವರ ನಿಧನಾನಂತರ 1964ರ ಏಷ್ಯಾ ಕಪ್‌ನಲ್ಲಿ ಭಾರತ ಎರಡನೆಯ ಸ್ಥಾನ ಗಳಿಸಿತು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚಿನ ಪದಕ ಪಡೆಯಿತು. ಆದರೆ 1950ರ ದಶಕದ ಮಟ್ಟವನ್ನು ಉಳಿಸಿಕೊಳ್ಳಲು ಸಾಧ್ಯವಾಗಲಿಲ್ಲ. ಹೈದರಾಬಾದಿನ ಫುಟ್‌ಬಾಲ್ ಕೂಡ ಕ್ರಮೇಣ ಹಿಂದೆ ಸರಿಯಿತು. ಶಾಲೆ, ಕ್ಲಬ್ಬು, ರಾಜ್ಯ ಸಂಸ್ಥೆ ಮತ್ತು ರಾಷ್ಟ್ರೀಯ ತಂಡಗಳನ್ನು ಒಂದೇ ಎಳೆಯಲ್ಲಿ ಪೋಣಿಸುವ ಕೆಲಸ ಒಬ್ಬ ವ್ಯಕ್ತಿಯನ್ನೇ ಬಹುವಾಗಿ ಅವಲಂಬಿಸಿದ್ದುದು ಇದಕ್ಕೊಂದು ಕಾರಣ.

ಕ್ರೀಡಾ ತರಬೇತುದಾರರಿಗೆ ನೀಡುವ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದು ಅವರು ತೀರಿಕೊಂಡು ಎರಡು ದಶಕಗಳ ಬಳಿಕ, 1985ರಲ್ಲಿ. ಎರಡು ಏಷ್ಯನ್ ಚಿನ್ನಗಳ ಹಿಂದಿದ್ದ ಈ ಶಿಕ್ಷಕರ ಹೆಸರು ಹಲವು ದಶಕಗಳ ಕಾಲ ಫುಟ್‌ಬಾಲ್ ಪ್ರಿಯರ ವಲಯದ ಆಚೆಗೆ ಬಹುಮಟ್ಟಿಗೆ ಮರೆತುಹೋಗಿತ್ತು. ಅಮಿತ್ ಶರ್ಮಾ ನಿರ್ದೇಶನದಲ್ಲಿ 2024ರಲ್ಲಿ ತೆರೆಕಂಡ ಹಿಂದಿ ಚಲನಚಿತ್ರ ಮೈದಾನ್ ಅವರ ಜೀವನವನ್ನು ಆಧರಿಸಿದೆ. ಅದರಲ್ಲಿ ಅಜಯ್ ದೇವಗನ್ ರಹೀಮ್ ಅವರ ಪಾತ್ರ ವಹಿಸಿದ್ದಾರೆ.

ಪ್ರಮುಖ ಸಾಧನೆಗಳು

ಭಾರತ ತಂಡ
- ಏಷ್ಯನ್ ಕ್ರೀಡಾಕೂಟ, ಚಿನ್ನದ ಪದಕ: 1951, 1962
- ಒಲಿಂಪಿಕ್ಸ್, ನಾಲ್ಕನೆಯ ಸ್ಥಾನ: 1956

ಹೈದರಾಬಾದ್ ಸಿಟಿ ಪೊಲೀಸ್ (ಅನಂತರ ಆಂಧ್ರ ಪೊಲೀಸ್)
- ರೋವರ್ಸ್ ಕಪ್: 1950ರಿಂದ 1954ರವರೆಗೆ ಸತತ ಐದು ಬಾರಿ
- ಡ್ಯುರಾಂಡ್ ಕಪ್: 1950, 1954, 1957, 1961

ಹೈದರಾಬಾದ್ ರಾಜ್ಯ ತಂಡ
- ಸಂತೋಷ್ ಟ್ರೋಫಿ: 1956–57, 1957–58